ಕರೆಂಟ್ ಬಿಲ್ ಇಳಿಸಬೇಕಾ? ಮೊದಲು ಫ್ಯಾನ್ ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರೆಲ್ಲ ಇದನ್ನೊಮ್ಮೆ ಓದಿ. ಬಿಲ್ ಜಾಸ್ತಿ ಬಂತು ಅಂತ ಸುಮ್ನೆ ಹೊಸ ಫ್ರಿಜ್ ಹುಡುಕಿಕೊಂಡು ಹೋಗಬೇಡಿ. ಮೊದಲು ಬದಲಿಸಬೇಕಾದ್ದು ಹಳೆಯ ಫ್ಯಾನ್.

ಅದು ಸುಮಾರು 75 ವ್ಯಾಟ್ ಎಳೆಯುತ್ತದೆ. ಕಡಿಮೆ ಕರೆಂಟಿನಲ್ಲಿ ತಿರುಗುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ನಮ್ಮ ಸೆಕೆಗೆ ದಿನಕ್ಕೆ 15 ಗಂಟೆ ತಿರುಗುತ್ತದೆ ಅಂತಿಟ್ಟುಕೊಳ್ಳಿ. ಒಂದೇ ಫ್ಯಾನಿನಿಂದ ಎರಡು ತಿಂಗಳಿಗೆ 40 ಯೂನಿಟ್ ಉಳಿಯುತ್ತದೆ. ಮೂರು ಇದ್ದರೆ 120.

ಇದು ಯಾಕೆ ಮುಖ್ಯ ಅಂದರೆ, ಕೇರಳದಲ್ಲಿ ಮನೆ ಬಳಕೆಗೆ ತಿಂಗಳಿಗೆ 250 ಯೂನಿಟ್‌ವರೆಗೆ ಹಂತ ಹಂತದ ದರ. ಅದನ್ನು ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ ಒಂದೇ ಜಾಸ್ತಿ ದರ. ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ ಅಲ್ವಾ, ಹಾಗಾಗಿ ಗಡಿ 500. ನಿಮ್ಮ ಬಿಲ್ಲಿನಲ್ಲಿ 520, 550 ಅಂತ ಇದ್ದರೆ ಎರಡು ಫ್ಯಾನ್ ಬದಲಿಸಿದರೂ ಗಡಿಯ ಕೆಳಗೆ ಬರುತ್ತೀರಿ. ಉಳಿತಾಯ ಕಾಣುವುದು ಅಲ್ಲಿ. ಹಳೆಯ ಬಿಲ್ ತೆಗೆದು ಇವತ್ತೇ ನೋಡಿ, ದಯವಿಟ್ಟು.

ಎಲ್ಲ ಒಟ್ಟಿಗೆ ಬೇಡ. ಹಗಲು ರಾತ್ರಿ ತಿರುಗುವ ಚಾವಡಿ, ಮಲಗುವ ಕೋಣೆಯದ್ದು ಮೊದಲು. ಹಳೆಯ ರೆಗ್ಯುಲೇಟರ್ ತೆಗೆಸಿ ಹೊಸ ಫ್ಯಾನನ್ನು ನೇರ ಸ್ವಿಚ್ಚಿಗೆ ಕೊಡಿಸಿ.

ಫ್ರಿಜ್ ಹಾಳಾದಾಗ ಮಾತ್ರ ಬದಲಿಸಿದರೆ ಸಾಕು. ಆಗ ಬರೀ ಲೇಬಲ್ಲಿನ ನಕ್ಷತ್ರ ಎಣಿಸಬೇಡಿ, ಅದೇ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಅದನ್ನು ಹೋಲಿಸಿ.

ಬಿಎಲ್‌ಡಿಸಿ ಫ್ಯಾನಿನೊಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಸಿಡಿಲಿಗೆ ಮೊದಲೇ ಮೈನ್ ಸ್ವಿಚ್ ಆರಿಸಿಬಿಡಿ.