ವೆರಿಕೋಸ್ ವೇನ್ಸ್ ವೈದ್ಯರಾಗಬೇಕೆ? ಮೊದಲು ಕಾಲು ನೋಡಲು ಕಲಿಯಿರಿ

ಕಾಲಿನಲ್ಲಿ ಉಬ್ಬಿ ಸುರುಳಿಗಟ್ಟಿದ ರಕ್ತನಾಳಗಳಿಗೆ, ಅಂದರೆ ವೆರಿಕೋಸ್ ವೇನ್ಸ್‌ಗೆ, ಚಿಕಿತ್ಸೆ ನೀಡುವ ವೈದ್ಯರಾಗಲು ಎಂಬಿಬಿಎಸ್ ಮುಗಿಸಿದ ಹುಡುಗ ಹುಡುಗಿಯರು ದಾರಿ ಕೇಳಿಕೊಂಡು ಬರುತ್ತಾರೆ. ದಾರಿ ಉದ್ದ, ಆದರೆ ಗೊಂದಲದ್ದಲ್ಲ: ನೀಟ್ ಪಿಜಿ ಬರೆದು 3 ವರ್ಷ ಎಂಎಸ್ ಜನರಲ್ ಸರ್ಜರಿ, ಬಳಿಕ ನೀಟ್ ಎಸ್‌ಎಸ್ ಪರೀಕ್ಷೆಯ ಮೂಲಕ ಇನ್ನೂ 3 ವರ್ಷ ವ್ಯಾಸ್ಕುಲರ್ (ರಕ್ತನಾಳಗಳ) ಸರ್ಜರಿಯಲ್ಲಿ ಎಂಸಿಎಚ್ ಎಂಬ ಸೂಪರ್ ಸ್ಪೆಷಾಲಿಟಿ ಪದವಿ. ಕೆಟ್ಟ ನಾಳವನ್ನು ಲೇಸರ್‌ನಿಂದ ಮುಚ್ಚುವುದನ್ನು ಕಲಿಸುವ ಎರಡು ದಿನದ ಕಾರ್ಯಾಗಾರದ ಪ್ರಮಾಣಪತ್ರ ಇದಕ್ಕೆ ಬದಲಿಯಲ್ಲ.

ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಎಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ನೀವೇ ಮಾಡಿ. ಬೇರೆಯವರ ವರದಿ ಓದಿ ಲೇಸರ್ ಹಿಡಿಯುವವರನ್ನು ನಾನು ನಂಬುವುದಿಲ್ಲ. ರೋಗಿಯನ್ನು ನಿಲ್ಲಿಸಿ, ಭಾರವನ್ನು ಇನ್ನೊಂದು ಕಾಲಿನ ಮೇಲೆ ಹಾಕಿಸಿ. ಮೀನಖಂಡವನ್ನು ಹಿಂಡಿ ತಟ್ಟನೆ ಬಿಡಿ. ಮೇಲೇರಿದ ರಕ್ತ ಅಲ್ಲೇ ನಿಲ್ಲಬೇಕು. ಕಾಲಿನ ಚರ್ಮದ ಕೆಳಗಿರುವ ಸಫೀನಸ್ ನಾಳದಲ್ಲಿ ಅದು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಕ್ಕೆ ಹರಿದರೆ, ರಕ್ತ ಹಿಂತಿರುಗದಂತೆ ತಡೆಯುವ ಕವಾಟ ಕೆಟ್ಟಿದೆ. ಆಳದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದೂ ಆಗಲೇ ನೋಡಿಬಿಡಿ.

ಇನ್ನು, ಹೀಗೆ ಕವಾಟ ಕೆಟ್ಟ ಕಾಲಿನಲ್ಲಿ ಆಗುವ ಹುಣ್ಣು. ಕಾವಲಿಯ ಮುಂದೆ ದಿನವಿಡೀ ನಿಲ್ಲುವ ದೋಸೆ ಭಟ್ಟರು, ಟ್ರಾಫಿಕ್ ಪೊಲೀಸರು ಕಣಕಾಲಿನ ಒಳಬದಿಯ ಹುಣ್ಣಿಗೆ ಅರಿಶಿನ, ಮುಲಾಮು ಎಲ್ಲ ಹಚ್ಚಿ ಸೋತು ಬರುತ್ತಾರೆ. ಇದಕ್ಕೆ ಬೇಕಾದದ್ದು ಬಿಗಿ ಪಟ್ಟಿ. ಆದರೆ ಕಟ್ಟುವ ಮುನ್ನ ಪಾದದ ನಾಡಿ ಮುಟ್ಟಿ, ಕಣಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿ. ಅನುಪಾತ 0.5ಕ್ಕಿಂತ ಕಡಿಮೆಯಿದ್ದರೆ ಪಾದಕ್ಕೆ ರಕ್ತವೇ ಸರಿಯಾಗಿ ತಲುಪುತ್ತಿಲ್ಲ ಎಂದರ್ಥ; ಆಗ ಪಟ್ಟಿ ಕಾಲಿಗೇ ಕುತ್ತು ತರಬಹುದು. ಕಟ್ಟುವುದು ಬೆರಳುಗಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ, ಹಿಮ್ಮಡಿಯನ್ನೂ ಮುಚ್ಚಿ. ಕಣಕಾಲಿನಲ್ಲಿ ಹೆಚ್ಚು ಒತ್ತಡ, ಮೇಲೆ ಹೋದಂತೆ ಕಡಿಮೆ. ಇದನ್ನು ನರ್ಸ್‌ಗೆ ಬಿಟ್ಟು ಹೊರಡುವ ಕಿರಿಯರನ್ನು ಬಾಗಿಲಿನಿಂದಲೇ ವಾಪಸ್ ಕರೆಯುತ್ತೇನೆ.