ಹಿಟ್ಟು ಉಬ್ಬದ ಚಳಿಯಲ್ಲಿ ಮೆಣಸಿನ ಸಸಿ

ಮೈಸೂರಿನ ಚಳಿ ಏನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ 15–16 ಡಿಗ್ರಿ ಇರುತ್ತದೆ. ನಮಗೆ ಒಂದು ಸ್ವೆಟರ್ ಸಾಕು. ಮೆಣಸಿನಕಾಯಿ ಬೀಜಕ್ಕೆ ಸಾಲದು.

ಮೊದಲ ವರ್ಷ ಕುವೆಂಪುನಗರದ ನಮ್ಮ ತಾರಸಿಯಲ್ಲಿ ಒಂದು ಟ್ರೇ ಬೀಜ ಹಾಕಿದೆ. ದಿನಾ ಸಂಜೆ ನೀರು ಚಿಮುಕಿಸಿದೆ. ಮೂರು ವಾರವಾದರೂ ಒಂದೂ ಹುಟ್ಟಲಿಲ್ಲ. ಕೆದಕಿ ಒಂದು ಬೀಜ ಹಿಸುಕಿದರೆ ಒಳಗೆಲ್ಲ ಲೋಳೆ, ಕೊಳೆತ ವಾಸನೆ. ಬೀಜ ಮಾರಿದವನನ್ನು ಸುಮ್ನೆ ಬೈದುಕೊಂಡೆ.

ಅವತ್ತು ರಾತ್ರಿ ಅಮ್ಮ ಇಡ್ಲಿ ಹಿಟ್ಟಿನ ಪಾತ್ರೆಗೆ ಹಳೇ ಕಂಬಳಿ ಸುತ್ತುತ್ತಿದ್ದರು. "ಈ ಚಳೀಲಿ ಹಿಟ್ಟೇ ಉಬ್ಬಲ್ಲ, ನಿನ್ನ ಬೀಜ ಎಲ್ಲಿಂದ ಹುಟ್ಟುತ್ತೋ?" ಅಂದರು.

ವಿಷಯ ಅಷ್ಟೇ. ಮೆಣಸಿನ ಬೀಜ ಚುರುಕಾಗಿ ಮೊಳೆಯುವುದು 25ರಿಂದ 30 ಡಿಗ್ರಿಯಲ್ಲಿ. ಲೆಕ್ಕಕ್ಕೆ ಬರುವುದು ಮಣ್ಣಿನ ಬಿಸಿ. ಮಧ್ಯಾಹ್ನ ಎಷ್ಟೇ ಬಿಸಿಲಿರಲಿ, ಸಂಜೆ ನೀರು ಕುಡಿದ ಟ್ರೇ ರಾತ್ರಿಯೆಲ್ಲ ತಣ್ಣಗೇ ಇರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಇದಕ್ಕೇ ಟ್ರೇ ಕೆಳಗೆ ಕರೆಂಟಿನ ಬಿಸಿ ಮ್ಯಾಟ್ ಹಾಸುತ್ತಾರೆ. ನಮಗೆ ಅಷ್ಟೆಲ್ಲ ಬೇಡ. ನಮ್ಮ ಮನೆಯಲ್ಲಿ ಸದಾ ಬೆಚ್ಚಗಿರುವ ಟಿವಿ ಸೆಟ್‌ಟಾಪ್ ಬಾಕ್ಸ್ ಇತ್ತು!

ಈಗ ನಾನು ಮಾಡುವುದು ಹೀಗೆ. ಡಿಸೆಂಬರ್ ಮೊದಲ ವಾರ ಬೀಜವನ್ನು ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸುತ್ತೇನೆ. ಬೆಳಿಗ್ಗೆ ಹೆಸರುಕಾಳು ಮೊಳಕೆ ಕಟ್ಟುವ ಹಾಗೆ ಹಳೇ ಪಂಚೆಯ ಚೂರಲ್ಲಿ ಕಟ್ಟಿ, ಬಟ್ಟೆ ಚೆನ್ನಾಗಿ ಹಿಂಡಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಆ ಬಾಕ್ಸಿನ ಮೇಲೆ ಇಡುತ್ತೇನೆ. ನೀರು ಸೋರದ ಡಬ್ಬಿಯೇ ಆಗಬೇಕು, ಹುಷಾರು. ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸುತ್ತೇನೆ. ಆರೇಳು ದಿನಕ್ಕೆ ಅಕ್ಕಿ ನುಚ್ಚಿನಷ್ಟು ಬಿಳಿ ತುದಿ ಇಣುಕುತ್ತದೆ. ಅದನ್ನು ಬೆರಳಲ್ಲಿ ಮುಟ್ಟಿದರೆ ಮುರಿಯುತ್ತದೆ. ಪೊರಕೆ ಕಡ್ಡಿಯ ತುದಿ ಒದ್ದೆ ಮಾಡಿ ಬೀಜಕ್ಕೆ ತಾಗಿಸಿದರೆ ಅದೇ ಅಂಟಿಕೊಳ್ಳುತ್ತದೆ. ಹಾಗೇ ಎತ್ತಿ ಟ್ರೇಯ ಗುಳಿಗೆ ಇಳಿಸಿ, ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚುತ್ತೇನೆ.

ಟ್ರೇಗೆ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸಮಸಮ. ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು.

ಎರಡನೇ ವರ್ಷ ನಾನು ಕೆಟ್ಟಿದ್ದು ಇದರ ನಂತರ. ಸಸಿ ತಲೆ ಎತ್ತಿದ ಮೇಲೂ ಚಳಿಗೆ ಹೆದರಿ ಟ್ರೇಯನ್ನು ನಡುಮನೆಯಲ್ಲೇ ಇಟ್ಟೆ. ಬೆಳಕಿಲ್ಲದೆ ದಾರದ ಹಾಗೆ ಎದ್ದವು. ಒಂದು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಬುಡದಲ್ಲಿ ನೀರು ತುಂಬಿದಂತೆ ಸಣ್ಣಗಾಗಿ ಮಲಗಿದ್ದವು. ಬುಡ ಕೊಳೆಯುವ ರೋಗ. ತಂಪು, ತೇವ, ಗಾಳಿಯಾಡದ ಜಾಗ ಸಿಕ್ಕರೆ ಆ ಶಿಲೀಂಧ್ರಕ್ಕೆ ಹಬ್ಬ ಅಲ್ವಾ. ಈಗ ಮೊದಲ ಎಲೆ ಬಿಚ್ಚಿದ ದಿನವೇ ಟ್ರೇ ತಾರಸಿಗೆ ಹೋಗುತ್ತದೆ, ರಾತ್ರಿ ಮಾತ್ರ ಒಳಗೆ. ನೀರು ಬೆಳಿಗ್ಗೆ ಒಂಬತ್ತರ ಮೇಲೆ, ಮೇಲ್ಮಣ್ಣು ಒಣಗಿದ್ದರೆ ಮಾತ್ರ.

ಸಂಕ್ರಾಂತಿ ಹೊತ್ತಿಗೆ ನಾಲ್ಕೈದು ಎಲೆ ಬಂದಿರುತ್ತವೆ. ಕಳೆದ ಸಲ ಅಮ್ಮ ಎಳ್ಳು ಬೀರಿದ ಮನೆಗಳಿಗೆಲ್ಲ ಪೇಪರ್ ಕಪ್ಪಿನಲ್ಲಿ ಒಂದೊಂದು ಸಸಿಯೂ ಹೋಯಿತು. ಎದುರು ಮನೆಯವರು ಅದೇ ಉತ್ಸಾಹದಲ್ಲಿ ಕೊತ್ತಂಬರಿ ಬೀಜವನ್ನೂ ಟಿವಿ ಹತ್ತಿರ ಇಟ್ಟರಂತೆ. ಅದಕ್ಕೆ ಈ ಉಪಚಾರ ಬೇಡವೇ ಬೇಡ. ಬೀಜವನ್ನು ಎರಡು ಹೋಳಾಗುವಂತೆ ಉಜ್ಜಿ ನೇರವಾಗಿ ಕುಂಡಕ್ಕೆ ಉದುರಿಸಿ. ಅದಕ್ಕೆ ಚಳಿಯೇ ಇಷ್ಟ.