ಪ್ಲೇಟಿಗೆ ಪ್ಲೇಟು: ಹಾರ್ಡ್‌ಕೋರ್ ಪಂಕ್ ರೆಕಾರ್ಡ್ ಸೇರಿಸಿದ ನನ್ನ ಅನುಭವ

ಹಾರ್ಡ್‌ಕೋರ್ ಅಂದ್ರೆ ಪಂಕ್ ರಾಕಿನ ಇನ್ನೂ ವೇಗದ, ಒರಟು ರೂಪ. ಹೋದ ತಿಂಗಳು ನೆಗೆಟಿವ್ ಅಪ್ರೋಚ್ ಅನ್ನೋ ಬ್ಯಾಂಡಿನ ಇಪಿ, ಅಂದ್ರೆ ಸಣ್ಣ ಗ್ರಾಮಫೋನ್ ಪ್ಲೇಟು, ಮನೆಗೆ ಬಂತು. 1982ರದ್ದು, ಟಚ್ ಅಂಡ್ ಗೋ ಲೇಬಲ್, ಒರಿಜಿನಲ್, ಆಮೇಲೆ ಹೊಡೆದ ಕಾಪಿ ಅಲ್ಲ. ಡೆಟ್ರಾಯ್ಟ್ ಹುಡುಗರು ಏಳು ಇಂಚಿನೊಳಗೆ ಹತ್ತು ಹಾಡು ತುರುಕಿರೋ ಪ್ಲೇಟು. ಇದಕ್ಕೆ ನಾನು ಒಂದು ಡಾಲರ್ ಕೂಡ ಕಳಿಸಿಲ್ಲ, ಬದಲಿಗೆ ಇಲ್ಲಿಂದ ನಮ್ಮ ದೇಶದ 11 ಹಳೇ ಪ್ಲೇಟು ಕಳಿಸಿದೆ ಅಷ್ಟೇ. 2017ರಲ್ಲಿ ಈ ಐಡಿಯಾ ಹೇಳಿದಾಗ "ಗುಜರಿ ಕೊಟ್ರೆ ಚಿನ್ನ ಕೊಡೋಕೆ ಅವರಿಗೇನು ತಲೆ ಕೆಟ್ಟಿದ್ಯೇನೋ" ಅಂದಿದ್ದ ಗೆಳೆಯರೇ ಮೊನ್ನೆ ಭಾನುವಾರ ನಮ್ಮನೇಲಿ ಕೂತು ಎರಡೂ ಸೈಡ್ ಮೂರು ಮೂರು ಸಲ ಹಾಕಿಸ್ಕೊಂಡು ಕೇಳಿದ್ರು. ಅದಕ್ಕೇ ಬರೀತಾ ಇದೀನಿ.

ನಾನು ರಾಜಾಜಿನಗರದಲ್ಲಿ ಒಂದು ಆಫ್‌ಸೆಟ್ ಪ್ರೆಸ್ಸಲ್ಲಿ ಕೆಲಸ ಮಾಡೋನು. 2012ರಲ್ಲಿ ಶುರು ಮಾಡಿದಾಗ ಸಂಬಳ 16 ಸಾವಿರವೋ 17 ಸಾವಿರವೋ ಇತ್ತು. ಎಲ್ಲರ ಥರ ನಾನೂ ಪ್ಲೇಟು ಮಾರೋ-ಕೊಳ್ಳೋ ವೆಬ್‌ಸೈಟ್ ಡಿಸ್ಕಾಗ್ಸ್ ನೋಡ್ಕೊಂಡು ದುಡ್ಡು ಕೊಟ್ಟೇ ತರಿಸ್ತಿದ್ದೆ. 60 ಡಾಲರ್ ಪ್ಲೇಟು, ಮೇಲೆ ಪೋಸ್ಟೇಜ್ 15, ಆಮೇಲೆ ಕಸ್ಟಮ್ಸ್ ಡ್ಯೂಟಿ, ಎಲ್ಲಾ ಸೇರಿ ಒಂದು ಇಪಿ 5,400ಕ್ಕೆ ಬಿತ್ತು ಅಂತ ನೆನಪು, ಆವಾಗಿನ ಸಂಬಳದಲ್ಲಿ ಮೂರನೇ ಒಂದು ಭಾಗ. ನಾಲ್ಕು ವರ್ಷದಲ್ಲಿ ಲಕ್ಷದ ಹತ್ತಿರ ಖರ್ಚಾಗಿ ಕೈಯಲ್ಲಿ ಇದ್ದಿದ್ದು 19 ಪ್ಲೇಟು. ಅದರಲ್ಲಿ ಎರಡು ಬೂಟ್‌ಲೆಗ್, ಅಂದ್ರೆ ಕದ್ದು ಹೊಡೆದ ನಕಲಿ, ಒಂದು ಬರುವಾಗಲೇ ಎರಡು ತುಂಡು, ಇನ್ನೊಂದನ್ನ ಕೊರಿಯರ್‌ನವನು ಗೇಟ್ ಮೇಲಿಂದ ಎಸೆದು ಹೋಗಿದ್ದ, ಜುಲೈ ತಿಂಗಳ ಮಳೆ, ನಾನು ಪ್ರೆಸ್ಸಿಂದ ಬರೋಷ್ಟರಲ್ಲಿ ಕವರ್ ದೋಸೆ ಹಿಟ್ಟಿನ ಥರ ಕೈಗೆ ಅಂಟ್ಕೊಂಡು ಬಂತು. ಸ್ವೀಡನ್ನಿನ 1984ರ ಕಾಗದ ಅದು, ಈಗಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಬೂಟ್‌ಲೆಗ್ ವಿಷಯ ಸ್ವಲ್ಪ ಹೇಳ್ತೀನಿ, ಇದರಲ್ಲಿ ನನ್ನ ಪ್ರೆಸ್ ಕೆಲಸ ಕೈ ಹಿಡೀತು. ಎಲ್ಲರೂ ರನ್‌ಔಟಲ್ಲಿ, ಅಂದ್ರೆ ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಇರೋ ಖಾಲಿ ಜಾಗದಲ್ಲಿ, ಕೆತ್ತಿರೋ ನಂಬರ್ ನೋಡಿ ಸುಮ್ಮನಾಗ್ತಾರೆ, ಅದನ್ನ ಇಟ್ಟುಕೊಂಡು ಮೋಸ ಮಾಡೋರೂ ಇದ್ದಾರೆ. ನಾನು ಮೊದಲು ಕವರ್ ನೋಡ್ತೀನಿ. ಈ ಬ್ಯಾಂಡುಗಳು ಕೈಯಿಂದ ದುಡ್ಡು ಹಾಕಿ ಲೋಕಲ್ ಪ್ರೆಸ್ಸಲ್ಲಿ ಒಂದೇ ಕಲರ್ ಹೊಡೆಸಿರೋದು ಜಾಸ್ತಿ, ಅಮೆರಿಕದ ಡಿಸ್ಕಾರ್ಡ್ ಲೇಬಲ್‌ನೋರು ಮೊದಮೊದಲು ಕವರನ್ನ ಮನೇಲೇ ಕೂತು ಕತ್ತರಿಸಿ, ಮಡಚಿ, ಅಂಟಿಸಿದ್ದಾರೆ. ಅಂಥ ಕವರಿನ ಫೋಟೋ ಲೂಪಲ್ಲಿ (ಪ್ರೆಸ್ಸಲ್ಲಿ ಬಳಸೋ ಸಣ್ಣ ಭೂತಗನ್ನಡಿ) ನೋಡಿದ್ರೆ ಡಾಟ್ ಚೊಕ್ಕವಾಗಿ ಸಾಲಾಗಿ ಕಾಣುತ್ತೆ. ನಕಲಿ ಮಾಡೋನು ಪ್ರಿಂಟಾಗಿರೋ ಕವರನ್ನೇ ಸ್ಕ್ಯಾನ್ ಮಾಡಿ ಮತ್ತೆ ಸ್ಕ್ರೀನ್ ಹಾಕ್ತಾನಲ್ಲ, ಅಂದ್ರೆ ಚಿತ್ರವನ್ನ ಇನ್ನೊಂದ್ಸಲ ಡಾಟ್ ಮಾಡ್ತಾನಲ್ಲ, ಆವಾಗ ಡಾಟ್ ಮೇಲೆ ಡಾಟ್ ಕೂತು ಅಲೆ ಅಲೆ ಬರುತ್ತೆ, ಸಣ್ಣ ಅಕ್ಷರದ ಅಂಚು ದಪ್ಪ ಆಗುತ್ತೆ. ಪಾರ್ಸೆಲ್ ಕಳಿಸೋಕೆ ಮುಂಚೆ ಕವರಿನ ಮೂಲೆದು ಕ್ಲೋಸಪ್ ಫೋಟೋ ಕೇಳ್ತೀನಿ, ಕೊಡಲ್ಲ ಅಂದ್ರೆ ಅಲ್ಲಿಗೇ ಬಿಟ್ಟೆ. ಇದು ಶುರು ಮಾಡಿದ ಮೇಲೆ ಒಂದೇ ಒಂದು ನಕಲಿ ಬಂದಿಲ್ಲ. ಕವರಲ್ಲಿ ಫೋಟೋನೇ ಇಲ್ದೆ ಬರೀ ಅಕ್ಷರ ಇದ್ದಾಗ ಏನು ನೋಡ್ಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ, ಬರೆದ್ರೆ ಮಾಡೋರು ಅದನ್ನೂ ಸರಿ ಮಾಡ್ಕೋತಾರೆ.

ಬದಲಿ ಕೊಡೋ ಐಡಿಯಾ ಬಂದಿದ್ದು ಹೀಗೆ. ಬಿವಿಕೆ ಅಯ್ಯಂಗಾರ್ ರಸ್ತೆ ಸಂಡೇ ಬಜಾರಲ್ಲಿ ಒಬ್ಬರು ಭಾಯ್ ಹತ್ರ ಟರ್ನ್‌ಟೇಬಲ್ ಬೆಲ್ಟ್ ಹುಡುಕ್ತಿದ್ದೆ. ಅವರ ಕಾಲ ಹತ್ರ ಒಂದು ಗೋಣಿಚೀಲ ತುಂಬ ಹಳೇ ಪ್ಲೇಟು. "ಎಲ್ಲಾ ತಗೊಂಡ್ಹೋಗಿ ಸಾರ್, ಮುನ್ನೂರು ಕೊಡಿ, ಮತ್ತೆ ಹೊತ್ಕೊಂಡು ಹೋಗಕ್ಕಾಗಲ್ಲ ನನ್ ಕೈಲಿ" ಅಂದ್ರು. ತಗೊಂಡೆ. ನೋಡಿದ್ರೆ ಅರ್ಧ ಭಜನೆ, ಉಳಿದದ್ದು ಸಿನಿಮಾ ಇಪಿ, ಕಲ್ಕತ್ತಾ ಡಂ ಡಂ ಫ್ಯಾಕ್ಟರೀಲಿ ಹೊಡೆದ ಎಚ್‌ಎಂವಿ, ಅದರಲ್ಲಿ 80ರ ದಶಕದ ಇಳಯರಾಜ ನಾಲ್ಕು. ಆ ವಾರವೇ ಫಿನ್ಲೆಂಡಿನ ಒಬ್ಬನ ಹತ್ರ ಅಲ್ಲಿನದೇ ಹಾರ್ಡ್‌ಕೋರ್ ಬ್ಯಾಂಡು ಟೆರ್ವೇಟ್ ಕ್ಯಾಡೆಟ್ ಇಪಿ ಬಗ್ಗೆ ಚೌಕಾಸಿ ನಡೀತಿತ್ತು, ಅವನು 110 ಯೂರೋ ಅಂತಿದ್ದ, ನನ್ನ ಹತ್ರ ಅಷ್ಟಿಲ್ಲ. ಮಾತಿಗೆ ಮಾತು ಬಂದು ಗೋಣಿಚೀಲದ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು, ಮೂರು ಕವರಿಗೆ ಗುರುತು ಹಾಕಿ "ಇದು ಕೊಟ್ರೆ ದುಡ್ಡು ಬೇಡ" ಅಂತ.

ಇದು ಯಾಕೆ ನಡೆಯುತ್ತೆ ಅಂದ್ರೆ ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಜರಲ್ಲಿ ರಾಗ ನುಡಿಸಿ ಮಾಡಿದ ಎಲ್‌ಪಿ 2010ರಲ್ಲಿ ಹೊರದೇಶದಲ್ಲಿ ಮತ್ತೆ ಬಂತಲ್ಲ, ಆಮೇಲೆ ಅಲ್ಲಿನ ಕಲೆಕ್ಟರುಗಳು ನಮ್ಮ ದೇಶದ ಪ್ಲೇಟು ಹುಡುಕೋದು ಜೋರಾಯ್ತು. ಆ ಎಲ್‌ಪಿ ಇದ್ಯಾ ಅಂತ ಕನಿಷ್ಠ 30 ಜನ ನನ್ನ ಕೇಳಿದ್ದಾರೆ. ಬಜಾರಲ್ಲಿ ಒಂದ್ಸಲವೂ ಕಣ್ಣಿಗೆ ಬಿದ್ದಿಲ್ಲ. ಸಿಮ್ಲಾ ಬೀಟ್ ಅನ್ನೋ ಸ್ಪರ್ಧೆಯ ನಮ್ಮ ದೇಶದ ರಾಕ್ ಬ್ಯಾಂಡುಗಳ ಎಲ್‌ಪಿ ಒಂದು, 1970ರದ್ದು, ಶಿವಾಜಿನಗರ ಗುಜರಿಯಲ್ಲಿ ಸಿಕ್ತು, ಕವರ್ ಇತ್ತು, ಒಳಗೆ ಎಂ.ಎಸ್. ಸುಬ್ಬುಲಕ್ಷ್ಮಿ! ಪ್ಲೇಟು ಬೇರೆ ಯಾವ ಕವರಲ್ಲಿ ಹೋಗಿದ್ಯೋ ಅಂತ ಆ ಗುಜರಿಯಲ್ಲಿ ಮೂರು ಭಾನುವಾರ ಕೂತು ನೋಡಿದೆ, ಸಿಗಲಿಲ್ಲ.

ಮೊದಲ ವರ್ಷ ಸುಲಭ ಇರಲಿಲ್ಲ. ಇಂಡಿಯಾ ಅಂದ್ರೆ ಅಲ್ಲಿನೋರು ಗ್ರೇಡಿಂಗ್, ಅಂದ್ರೆ ಪ್ಲೇಟು ಎಷ್ಟು ಚೆನ್ನಾಗಿದೆ ಅಂತ ನಾವು ಹೇಳೋದನ್ನ, ನಂಬಲ್ಲ, ನಮ್ಮಲ್ಲಿ ವಿಜಿ ಪ್ಲಸ್ (ತುಂಬ ಚೆನ್ನಾಗಿದೆ) ಅಂತ ಕಳಿಸಿದ್ದು ಅಲ್ಲಿ ಮುಳ್ಳು ಇಟ್ರೆ ಎಣ್ಣೇಲಿ ಸಾಸಿವೆ ಸಿಡಿದ ಹಾಗೆ ಶಬ್ದ. ಬರೆದ 40 ಜನರಲ್ಲಿ 35 ಜನ ಉತ್ತರವೇ ಕೊಡಲಿಲ್ಲ. ಆಮೇಲೆ ಎರಡು ಕೆಲಸ ಮಾಡಿದೆ. ನನಗೆ ಯಾವ ಗ್ರೇಡ್ ಅನ್ಸುತ್ತೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಹೇಳೋಕೆ ಶುರು ಮಾಡಿದೆ, ಮತ್ತೆ ಟೇಬಲ್ ಲ್ಯಾಂಪ್ ಕೆಳಗೆ ಪ್ಲೇಟು ನಿಧಾನಕ್ಕೆ ತಿರುಗಿಸಿ ವಿಡಿಯೋ, ಎರಡೂ ಸೈಡಿನ ಮೊದಲ ಒಂದು ನಿಮಿಷದ ಆಡಿಯೋ, ಗೀರು ಎಲ್ಲಿದೆಯೋ ಅಲ್ಲಿ ಬೆರಳಿಟ್ಟು ತೋರಿಸೋದು. ಮುಚ್ಚುಮರೆ ಮಾಡಬಾರದು. ಪ್ಲೇಟು ಮುಟ್ಟಿದ ಮೇಲೆ "ನೀನು ಹೇಳಿದ್ದಕ್ಕಿಂತ ಚೆನ್ನಾಗಿದೆ" ಅಂತ ಅವರೇ ಇನ್ನೊಬ್ಬರಿಗೆ ಹೇಳಿದ್ರು, ಹಾಗೆ ಒಬ್ಬರಿಂದ ಒಬ್ಬರಿಗೆ ಹೋಯ್ತು. ಕಸ್ಟಮ್ಸ್ ಫಾರಂ ಮೇಲೆ ಗಿಫ್ಟ್, 5 ಡಾಲರ್ ಅಂತ ಬರಿ ಅನ್ನೋರು ತುಂಬ ಜನ ಸಿಗ್ತಾರೆ. ನಾನು ಬರೆಯಲ್ಲ. ಕಳೆದುಹೋದ್ರೆ ಅಷ್ಟೇ ಪರಿಹಾರ, ಜೊತೆಗೆ 2019 ಡಿಸೆಂಬರಿಂದ ಹೊರಗಿಂದ ಬರೋ ಗಿಫ್ಟ್ ಡ್ಯೂಟಿ ಇಲ್ದೆ ತರಿಸೋದು ನಿಂತಿದೆ, ರಾಖಿ, ಜೀವ ಉಳಿಸೋ ಔಷಧಿ ಬಿಟ್ರೆ. ಬದಲಿ ಅಂದ್ರೂ ಡ್ಯೂಟಿ ಕಟ್ಟಲೇಬೇಕು, ಇದನ್ನ ಲೆಕ್ಕದಲ್ಲಿ ಇಟ್ಕೊಳ್ಳಿ.

ಪ್ಲೇಟು ಎಲ್ಲಿಂದ ತರ್ತೀನಿ? ಬಜಾರಲ್ಲಿ ಈಗ ಕಷ್ಟ, ಅಲ್ಲೂ ಎಲ್ಲರ ಕೈಯಲ್ಲಿ ಫೋನ್ ಇದೆ, 20 ರೂಪಾಯಿ ಇಪಿ ಈಗ 250, ಇಳಯರಾಜ ಅಂದ್ರೆ ಸಾವಿರದ ಮೇಲೆ. ನನಗೆ ಜಾಸ್ತಿ ಸಿಗೋದು ಮನೆಗಳಿಂದ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಹಳೇ ಮನೆಗಳು, ಒಡೆದು ಅಪಾರ್ಟ್‌ಮೆಂಟ್ ಕಟ್ಟೋಕೆ ಮುಂಚೆ ಅಟ್ಟ ಖಾಲಿ ಮಾಡ್ತಾರೆ. ಯಾವ ಮನೆ ಯಾವಾಗ ಖಾಲಿ ಆಗುತ್ತೆ ಅಂತ ನನಗೆ ಹೇಗೆ ಗೊತ್ತಾಗುತ್ತೆ ಅನ್ನೋದನ್ನ ಮಾತ್ರ ಕೇಳ್ಬೇಡಿ. ಮಲ್ಲೇಶ್ವರದಲ್ಲಿ ಒಬ್ಬರು ತಾತ 200ಕ್ಕೂ ಜಾಸ್ತಿ ಪ್ಲೇಟು ಒಂದೊಂದಾಗಿ ಎತ್ತಿ ತೋರಿಸಿದ್ರು, ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ಪ್ರತಿ ಕವರ್ ಹಿಂದೆ ತಗೊಂಡ ತಾರೀಖು ಇಂಕಲ್ಲಿ ಬರೆದಿದ್ರು. "ನೀನು ಕೇಳ್ತೀಯೇನಪ್ಪಾ ಇದನ್ನ, ಇಲ್ಲಾ ಮಾರ್ತೀಯಾ?" ಅಂದ್ರು. ಎರಡೂ ಅಂತ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ಪ್ಲೇಟು ತಾವೇ ಇಟ್ಕೊಂಡು ಉಳಿದದ್ದನ್ನ 6,000ಕ್ಕೆ ಕೊಟ್ರು. ನಾನು 9,000 ಕೊಟ್ಟೆ.

ಅವತ್ತಿಂದ ಒಂದು ನಿಯಮ ಇಟ್ಕೊಂಡಿದೀನಿ. ಕನ್ನಡದ ಯಾವ ಪ್ಲೇಟೂ ನನ್ನ ಹತ್ರ ಎರಡು ಕಾಪಿ ಇಲ್ದೆ ಹೊರಗೆ ಹೋಗಲ್ಲ, ಹೋಗೋದಕ್ಕೂ ಮುಂಚೆ ಪೂರ್ತಿ ರೆಕಾರ್ಡ್ ಮಾಡ್ಕೋತೀನಿ. ಒಬ್ಬ ಗೆಳೆಯ "ನಮ್ಮ ಹಾಡನ್ನ ಹೊರದೇಶಕ್ಕೆ ಸಾಗಿಸ್ತಿದೀಯ" ಅಂತ ಜಗಳ ಆಡಿ ಆರು ತಿಂಗಳು ಮಾತು ಬಿಟ್ಟಿದ್ದ. ಅವನ ಸಿಟ್ಟಲ್ಲಿ ನ್ಯಾಯ ಇತ್ತು. ಆದ್ರೆ ಅಟ್ಟದಲ್ಲಿ ಗೆದ್ದಲು ತಿಂದಿರೋ ಕಟ್ಟುಗಳನ್ನ ನಾನು ನೋಡಿದೀನಿ, ಕವರ್ ಎತ್ತಿದ್ರೆ ಮಣ್ಣು ಉದುರುತ್ತೆ.

ಮಧ್ಯೆ ಮಾಡಿದ ಪ್ರಯೋಗಗಳು. ಕಾರ್ಪೆಂಟರ್ ಬಿಳಿ ಗೋಂದು ಪ್ಲೇಟಿನ ಮೇಲೆ ಸುರಿದು, ಒಣಗಿದ ಮೇಲೆ ಸಿಪ್ಪೆ ಥರ ಎಳೆಯೋದು, ಭಜನೆ ಎಲ್‌ಪಿ ಮೇಲೆ ಮಾಡಿದೆ, ಅದ್ಭುತವಾಗಿ ಬಂತು, ಗೋಂದು ತೆಳ್ಳಗೆ ಹಾಕಿದ್ರೆ ಮಾತ್ರ ಚೂರು ಚೂರಾಗಿ ಗ್ರೂವಲ್ಲಿ (ಮುಳ್ಳು ಓಡೋ ಗೆರೆ) ಉಳಿಯುತ್ತೆ. ಬೆಂಡಾಗಿದ್ದ ಪ್ಲೇಟನ್ನ ಎರಡು ಗಾಜಿನ ಮಧ್ಯೆ ಇಟ್ಟು ಏಪ್ರಿಲ್ ಬಿಸಿಲಿಗೆ ಟೆರೇಸ್ ಮೇಲೆ ಇಟ್ಟೆ, ಗುಜರಿ ಪ್ಲೇಟಲ್ಲಿ 20 ನಿಮಿಷಕ್ಕೆ ಸರಿ ಹೋಯ್ತು, ಅದೇ ಧೈರ್ಯದಲ್ಲಿ ಫಿನ್ಲೆಂಡಿನ ಬ್ಯಾಂಡು ರಿಸ್ಟೆಟಿಟ್ ಇಪಿ ಇಟ್ಟು ಫೋನ್ ಬಂತು ಅಂತ ಕೆಳಗೆ ಹೋದೆ, ಬರೋಷ್ಟರಲ್ಲಿ 45 ನಿಮಿಷ. ಪ್ಲೇಟು ಚಪ್ಪಟೆ ಆಗಿತ್ತು, ಗ್ರೂವ್ ಸತ್ತೋಗಿತ್ತು. 8,000 ಬೆಲೆ ಬಾಳೋದು. ಇನ್ನೊಂದು, 78 ಆರ್‌ಪಿಎಂ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಅದು ಅರಗು, ಕರಗುತ್ತೆ, ನನ್ನ ಬಟ್ಟೆಗೆ ಕಪ್ಪು ಬಂದಾಗ ಗೊತ್ತಾಯ್ತು. ಜಪಾನಿನ ಫ್ಲೆಕ್ಸಿಗಳು, ಅಂದ್ರೆ ಬಾಗೋ ಪ್ಲಾಸ್ಟಿಕ್ ಪ್ಲೇಟು, ಕಾಗದದಷ್ಟು ತೆಳು, ಕೆಳಗೆ ಒಂದು ಗಟ್ಟಿ ಎಲ್‌ಪಿ, ಲೇಬಲ್ ಮೇಲೆ ಒಂದು ರೂಪಾಯಿ ನಾಣ್ಯ, ಇಲ್ದಿದ್ರೆ ಜಾರುತ್ತೆ. ಮಳೆಗಾಲಕ್ಕೆ ಪಿವಿಸಿ ಕವರ್ ಎಲ್ಲಾ ತೆಗೆದು ಬಿಸಾಡಿ ಪಾಲಿಪ್ರೊಪಿಲೀನ್ ಹಾಕಿದೆ, ಪಿವಿಸಿ ಬೆವರಿ ಪ್ಲೇಟಿನ ಮೇಲೆ ಮಂಜಿನ ಥರ ಕಲೆ ಬಿಡುತ್ತೆ, ಅದು ಹೋಗಲ್ಲ.

ಈಗ ನೆಗೆಟಿವ್ ಅಪ್ರೋಚ್ ಲೆಕ್ಕ. ಅಮೆರಿಕದ ಆ ಮನುಷ್ಯ ಎರಡು ವರ್ಷ "ನೋಡೋಣ" ಅಂತಲೇ ಇದ್ದ. ನೆಕ್ರೋಸ್ ಬ್ಯಾಂಡಿನ ಮೊದಲ ಇಪಿ ಹೊಡೆದಿದ್ದೇ 100 ಕಾಪಿ, ದ ಫಿಕ್ಸ್ ಬ್ಯಾಂಡಿನ ಮೊದಲನೇದು 200 ಕಾಪಿ, ಅಂಥದ್ದೆಲ್ಲ ಇರೋನು, ಅವನಿಗೆ ದುಡ್ಡಿನ ಆಸೆ ಇಲ್ಲ. ನಾನು ಅವನಿಗೆ ಏನು ಬೇಕು ಅಂತ ಕೇಳೋದು ಬಿಟ್ಟು, ವಾರಕ್ಕೊಂದು ಆಡಿಯೋ ಕಳಿಸೋಕೆ ಶುರು ಮಾಡಿದೆ, ಹೆಸರು ಹೇಳದೆ. ಏಳನೇ ವಾರ ಒಂದು ಹಿಂದಿ ಸಿನಿಮಾ ಇಪಿಯ ಸೈಡ್ ಬಿ ಕೇಳಿ ರಾತ್ರಿ ಎರಡು ಗಂಟೆಗೆ ಮೆಸೇಜ್ ಹಾಕಿದ. 2025 ಜುಲೈಯಲ್ಲಿ ಮಾತು ಮುಗೀತು, ಆಗಸ್ಟಲ್ಲಿ ಅಮೆರಿಕಕ್ಕೆ ಪೋಸ್ಟ್ ಪಾರ್ಸೆಲ್ ನಿಂತೋಯ್ತು. ಕಟ್ಟಿದ ಡಬ್ಬ ಬೀರು ಮೇಲೆ ಕೂತಿತ್ತು, "ರೀ, ಇದು ಹೋಗುತ್ತೋ, ಇಲ್ಲಾ ಆಯುಧಪೂಜೆಗೆ ಇದಕ್ಕೂ ಕುಂಕುಮ ಇಡ್ಲೋ" ಅಂತಿದ್ಲು ನನ್ನ ಹೆಂಡತಿ. ಮತ್ತೆ ಶುರುವಾದ ಮೇಲೆ ಕಳಿಸಿದೆ.

ಆ 11 ಪ್ಲೇಟು ನನಗೆ ಬಿದ್ದಿದ್ದು ಎಲ್ಲಾ ಸೇರಿ 2,300 ಇರಬಹುದು, ಪೋಸ್ಟೇಜ್ 3,000 ಚಿಲ್ಲರೆ, ಬಂದಿದ್ದಕ್ಕೆ ಡ್ಯೂಟಿ ಬೇರೆ. ಹೇಗೆ ಲೆಕ್ಕ ಹಾಕಿದ್ರೂ ದುಡ್ಡು ಕೊಟ್ಟು ತಗೊಂಡಿದ್ರೆ ಆಗ್ತಿದ್ದ ಖರ್ಚಿನ ಅರ್ಧಕ್ಕಿಂತ ಕಡಿಮೆ. 2017ರಿಂದ ಇಲ್ಲೀತನಕ ಈ ಥರ 63 ಪ್ಲೇಟು ಬಂದಿದೆ, ಎರಡು ಪಾರ್ಸೆಲ್ ಮಾತ್ರ ಕಳೆದುಹೋಗಿದ್ದು. ಬೆಂಗಳೂರಲ್ಲಿ ಫಿನ್ಲೆಂಡ್ ಹಾರ್ಡ್‌ಕೋರ್ ನನ್ನ ಹತ್ರ ಇರೋಷ್ಟು ಬೇರೆಯವರ ಹತ್ರ ನಾನಂತೂ ನೋಡಿಲ್ಲ, ಇದ್ರೆ ದಯವಿಟ್ಟು ಮನೆಗೆ ಕರೀರಿ, ಬಂದು ನೋಡ್ಬೇಕು.

ಈಗ ಕಣ್ಣಿರೋದು ಕನ್‌ಫ್ಯೂಸ್ ಫ್ಲೆಕ್ಸಿ ಮೇಲೆ, ಫುಕುಓಕಾ ಬ್ಯಾಂಡು, 1984ರದ್ದು. ಜಪಾನಿನಲ್ಲಿ ಇಟ್ಕೊಂಡಿರೋನು ತಬಲಾ ಜೊತೆ ಆರ್ಗನ್ ಇರೋ ಯಾವುದಾದ್ರೂ ಕಳಿಸು ಅಂದಿದಾನೆ. ಹೋದ ಭಾನುವಾರ ಚಾಮರಾಜಪೇಟೆಯಿಂದ ಒಂದು ಟ್ರಂಕ್ ತಂದಿದೀನಿ, 70-80 ಪ್ಲೇಟು ಇದೆ, ಇನ್ನೂ ಧೂಳು ಒರೆಸಿಲ್ಲ. ಇವತ್ತು ರಾತ್ರಿ ಶಿಫ್ಟ್ ಇಲ್ಲ, ಊಟ ಆದ ಮೇಲೆ ಕೂರ್ತೀನಿ.